ಕಣ್ಣು ಮುಖವನ್ನು ಕಲಿಯುವ ಬಗೆ

ಹೆರಿಗೆ ಕೋಣೆಯ ಬಾಗಿಲು ತೆರೆದೊಡನೆ ಹೊರಗೆ ಕಾದವರು ಕೇಳುವುದು ಗಂಡೋ ಹೆಣ್ಣೋ ಎಂದು. ಮೇಲ್ದುಟಿ ಸೀಳಿಕೊಂಡ ಮಗು ಹುಟ್ಟಿದ್ದರೆ ಆ ಪ್ರಶ್ನೆಗೂ ನೆಟ್ಟಗೆ ಉತ್ತರ ಬರುವುದಿಲ್ಲ. ಸುತ್ತಿದ ಬಟ್ಟೆಯ ಅಂಚನ್ನು ಯಾರೋ ಮಗುವಿನ ಮೂಗಿನವರೆಗೆ ಎಳೆದಿರುತ್ತಾರೆ. ಹಿರಿಯರೊಬ್ಬರು ಅಪ್ಪನನ್ನು ಪಕ್ಕಕ್ಕೆ ಕರೆಯುತ್ತಾರೆ. "ಬಾಣಂತಿಗೆ ಈಗಲೇ ತೋರಿಸಬೇಡಿ, ಮನಸ್ಸಿಗೆ ಹಚ್ಚಿಕೊಂಡಾಳು" ಎಂಬ ಮಾತು ಬರುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಆದರೂ ಆ ಬಟ್ಟೆಯ ಅಂಚನ್ನು ಕೆಳಗೆ ಸರಿಸಬೇಕು, ಅದೂ ಮೊದಲ ದಿನವೇ ಸರಿಸಬೇಕು ಎನ್ನುವುದು ಈ ಅಧ್ಯಾಯದ ವಾದ. ಅದಕ್ಕೆ ಭ್ರೂಣಶಾಸ್ತ್ರದಲ್ಲೂ ಮಿದುಳಿನ ವಿಜ್ಞಾನದಲ್ಲೂ ಆಧಾರಗಳಿವೆ.

ಮೊದಲು ಒಂದು ಲೆಕ್ಕ. ಸೀಳುತುಟಿ, ಸೀಳಂಗಳ (ಬಾಯಿಯ ಛಾವಣಿಯ ಸೀಳು) ಎರಡೂ ಸೇರಿ ಪ್ರಪಂಚದಲ್ಲಿ ಸುಮಾರು 700 ಹೆರಿಗೆಗೆ ಒಂದರಂತೆ ಕಾಣಿಸುತ್ತವೆ. ಕರ್ನಾಟಕದಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 10 ಲಕ್ಷ ಹೆರಿಗೆ ಎಂದರೆ ಇಂಥ ಮಕ್ಕಳು ಸಾವಿರಕ್ಕೂ ಮಿಕ್ಕಿ. ಹಾಗಿದ್ದೂ ಪ್ರತಿ ಮನೆಯವರಿಗೂ ಇದು ತಮಗೊಬ್ಬರಿಗೇ ಬಂದದ್ದು ಅನ್ನಿಸುತ್ತದೆ. ಮುಚ್ಚಿಟ್ಟ ಮುಖಗಳನ್ನು ಎಣಿಸಲಾಗುವುದಿಲ್ಲವಲ್ಲ!

ನಿಮ್ಮ ಮೂಗಿನ ಕೆಳಗೆ, ಮೇಲ್ದುಟಿಯ ನಡುವೆ ಒಂದು ಚಡಿ ಇದೆ. ಬೆರಳಾಡಿಸಿ ನೋಡಿ. ಅದರ ಎರಡು ಅಂಚುಗಳು ನಿಮ್ಮ ಮುಖ ಒಂದು ಕಾಲಕ್ಕೆ ತುಂಡುತುಂಡಾಗಿತ್ತು ಎಂಬುದರ ಗುರುತು. ಬಸಿರು ನಿಂತು ನಾಲ್ಕು ವಾರವಾದಾಗ ಭ್ರೂಣಕ್ಕೆ ಮುಖವೆಂಬುದೇ ಇರುವುದಿಲ್ಲ. ಬಾಯಿಯಾಗಬೇಕಾದ ಗುಳಿಯ ಸುತ್ತ ಐದು ಉಬ್ಬುಗಳು ಎದ್ದಿರುತ್ತವೆ: ಹಣೆ ಮೂಗುಗಳಿಗೆಂದು ಮೇಲೊಂದು, ಮೇಲ್ದವಡೆಗೆಂದು ಅಕ್ಕಪಕ್ಕ ಎರಡು, ಕೆಳದವಡೆಗೆಂದು ಎರಡು. ಮುಂದೆ ಬೆನ್ನುಹುರಿ, ಮಿದುಳುಗಳಾಗುವ ನರಕೊಳವೆಯ ಅಂಚಿನಿಂದ ಕೋಶಗಳು ಹೊರಟು, ವಲಸೆ ಬಂದು ಈ ಉಬ್ಬುಗಳನ್ನು ತುಂಬುತ್ತವೆ. ಆರು, ಏಳನೆಯ ವಾರಗಳಲ್ಲಿ ಇಡೀ ಭ್ರೂಣ ಒಂದು ಸೆಂಟಿಮೀಟರಿನ ಆಸುಪಾಸಿನಲ್ಲಿರುವಾಗ, ಪಕ್ಕದ ಉಬ್ಬುಗಳು ಬೆಳೆಯುತ್ತ ಬಂದು ನಡುವಿನದಕ್ಕೆ ತಾಗುತ್ತವೆ. ತಾಗಿದರಷ್ಟೇ ಸಾಲದು. ತಾಗಿದ ಕಡೆಯ ಹೊರಪದರದ ಕೋಶಗಳು ಅಳಿದು ಜಾಗ ಬಿಟ್ಟುಕೊಡಬೇಕು. ಆಗಲೇ ಎರಡೂ ಕಡೆಯ ಒಳಗಿನ ಅಂಗಾಂಶ ಬೆರೆತು ಒಂದಾಗುವುದು. ತಲುಪುವುದು ಕೊಂಚ ತಡವಾದರೆ, ಉಬ್ಬು ಕೊಂಚ ಕಿರಿದಾದರೆ, ಪದರ ಅಳಿಯದೆ ಉಳಿದರೆ ತುಟಿ ಅಲ್ಲಿ ಕೂಡುವುದಿಲ್ಲ. ಹೆಚ್ಚಾಗಿ ಎಡಗಡೆ, ಬಲಗಡೆಯ ಸೀಳಿಗಿಂತ ಎಡಗಡೆಯದು ಸುಮಾರು ಇಮ್ಮಡಿ.

ಅಂಗಳದ ಕಥೆ ಇನ್ನೊಂದು ಬಗೆಯದು. ಬಾಯಿಯ ಛಾವಣಿಯಾಗಬೇಕಾದ ಎರಡು ಹಲಗೆಗಳು ಮೊದಲಿಗೆ ನಾಲಗೆಯ ಎಡಬಲಕ್ಕೆ ನೇರ ಕೆಳಗೆ ಜೋತಿರುತ್ತವೆ. ಎಂಟನೆಯ ವಾರದ ಸುಮಾರಿಗೆ ನಾಲಗೆ ತಗ್ಗಿ ದಾರಿ ಬಿಟ್ಟಾಗ ಅವು ಬಾಗಿಲ ಕದಗಳಂತೆ ತಿರುಗಿ ಮೇಲೆದ್ದು, ನಡುವೆ ಸೇರಿ, ಹನ್ನೆರಡನೆಯ ವಾರದೊಳಗೆ ಬೆಸೆದುಕೊಳ್ಳುತ್ತವೆ. ಹೆಣ್ಣು ಭ್ರೂಣದಲ್ಲಿ ಈ ಕೆಲಸ ಸುಮಾರು ಒಂದು ವಾರ ತಡ. ಅಂಗಳ ಮಾತ್ರ ಸೀಳಿರುವುದು ಹೆಣ್ಣುಮಕ್ಕಳಲ್ಲಿ ಹೆಚ್ಚು ಕಾಣುವುದಕ್ಕೆ ಇದೇ ಕಾರಣವಿರಬಹುದು ಎನ್ನುತ್ತಾರೆ. ತುಟಿಯ ಸೀಳು ಗಂಡುಮಕ್ಕಳಲ್ಲಿ ಹೆಚ್ಚು.

ಇಷ್ಟೆಲ್ಲವನ್ನೂ ಹೇಳಿದ್ದು ಒಂದು ದಿನಾಂಕಕ್ಕಾಗಿ. ತುಟಿ ಕೂಡುವುದು, ಕೂಡದೆ ಉಳಿಯುವುದು ಎರಡೂ ಎರಡನೆಯ ತಿಂಗಳು ಮುಗಿಯುವುದರೊಳಗೆ ತೀರ್ಮಾನವಾಗಿರುತ್ತದೆ. ಎಷ್ಟೋ ಹೆಂಗಸರಿಗೆ ತಾವು ಬಸಿರೆಂಬುದೇ ಆಗಿನ್ನೂ ಖಾತ್ರಿಯಾಗಿರುವುದಿಲ್ಲ. ಏಳನೆಯ ತಿಂಗಳಲ್ಲಿ ಗ್ರಹಣ ಬಂತು, ಇವಳು ಈಳಿಗೆಮಣೆಯ ಮುಂದೆ ಕೂತಿದ್ದಳು, ಅದಕ್ಕೇ ಹೀಗಾಯಿತು ಎಂದು ಅತ್ತೆ ಮನೆಯಲ್ಲೋ ತವರಿನಲ್ಲೋ ಯಾರಾದರೂ ಲೆಕ್ಕ ತೆಗೆದರೆ, ಆ ಲೆಕ್ಕದ ಪ್ರಕಾರ ಐದು ತಿಂಗಳ ಹಿಂದೆಯೇ ಬೆಸೆದು ಮುಗಿದ ತುಟಿ ಮತ್ತೆ ಬಿಚ್ಚಿಕೊಳ್ಳಬೇಕು. ಅದು ಆಗುವ ಮಾತಲ್ಲ.

ಗ್ರಹಣದ ನಂಬಿಕೆ ನಮ್ಮ ಸೊತ್ತೇನೂ ಅಲ್ಲ. ಮೆಕ್ಸಿಕೋದ ಅಜ್ಟೆಕ್ ಜನರಲ್ಲೂ ಇದೇ ಭಯವಿತ್ತೆಂದು 16ನೆಯ ಶತಮಾನದಲ್ಲಿ ಸ್ಪೇನಿನ ಪಾದ್ರಿ ಬೆರ್ನಾರ್ದಿನೊ ದೆ ಸಹಗೂನ್ ಬರೆದಿಟ್ಟಿದ್ದಾನೆ. ಚಂದ್ರಗ್ರಹಣ ಹಿಡಿದಾಗ ಮಗುವಿನ ತುಟಿ ಕೆಡದಿರಲೆಂದು ಬಸುರಿಯರು ಹರಿತವಾದ ಅಗ್ನಿಶಿಲೆಯ ಚೂರನ್ನು ಮೈಗೆ ತಾಗಿಸಿಕೊಳ್ಳುತ್ತಿದ್ದರಂತೆ. ನಮ್ಮಲ್ಲಿ ಗ್ರಹಣದ ಹೊತ್ತು ಚಾಕು ಕತ್ತರಿ ಮುಟ್ಟಬಾರದು. ಅಲ್ಲಿ ಅಲಗನ್ನು ಮೈಮೇಲೆ ಇಟ್ಟುಕೊಂಡೇ ಇರಬೇಕು! ಆಕಾಶ ಒಂದೇ, ಚಂದ್ರನ ಮೇಲೆ ಮೊಲವನ್ನು ಕಾಣುವುದರಲ್ಲೂ ಅವರು ನಾವು ಒಂದೇ, ಪರಿಹಾರ ಮಾತ್ರ ತಲೆಕೆಳಗು. ಎರಡರಲ್ಲಿ ಯಾವುದೂ ತುಟಿಯನ್ನು ಕೂಡಿಸಿದ್ದಿಲ್ಲ, ಸೀಳಿದ್ದೂ ಇಲ್ಲ.

ಇದನ್ನು ಅವಳಿಗಳು ಇನ್ನೂ ಚೆನ್ನಾಗಿ ತೋರಿಸಿಕೊಡುತ್ತಾರೆ. ಒಂದೇ ಗರ್ಭದಲ್ಲಿ, ಒಂದೇ ತಾಯಿಯ ಅದೇ ಊಟ, ಅದೇ ಔಷಧ, ಅದೇ ಗ್ರಹಣದ ಅಡಿಯಲ್ಲಿ ಬೆಳೆದ ಎರಡು ಮಕ್ಕಳು. ಒಂದೇ ಅಂಡದಿಂದ ಹುಟ್ಟಿದ ತದ್ರೂಪಿ ಅವಳಿಗಳಲ್ಲಿ ಒಬ್ಬರ ತುಟಿ ಸೀಳಿದ್ದರೆ ಇನ್ನೊಬ್ಬರದೂ ಸೀಳಿರುವ ಸಾಧ್ಯತೆ ಸುಮಾರು ಅರ್ಧದಷ್ಟು. ಬೇರೆ ಬೇರೆ ಅಂಡಗಳ ಅವಳಿಗಳಲ್ಲಿ ಅದು ಶೇಕಡಾ 10ರ ಒಳಗೆ. ಗ್ರಹಣವೇ ಕಾರಣವಾಗಿದ್ದರೆ ಈ ಎರಡು ಅಂಕಿಗಳು ಒಂದೇ ಆಗಬೇಕಿತ್ತು. ಅಂತರ ಇರುವುದರಿಂದ ವಂಶವಾಹಿಗಳ ಪಾತ್ರವಿದೆ ಎಂದಾಯಿತು. ತದ್ರೂಪಿಗಳಲ್ಲೂ ಅರ್ಧದಷ್ಟೇ ಎನ್ನುವಾಗ ವಂಶವಾಹಿಗಳೇ ಎಲ್ಲವೂ ಅಲ್ಲ ಎಂದೂ ಆಯಿತು. ಡೆನ್ಮಾರ್ಕಿನ ವೈದ್ಯ ಪೌಲ್ ಫೋಗ್ ಆಂಡರ್ಸನ್ 1942ರಲ್ಲೇ ಕುಟುಂಬಗಳನ್ನು ಹುಡುಕಿಕೊಂಡು ಹೋಗಿ ಈ ಅನುವಂಶೀಯತೆಯನ್ನು ದಾಖಲಿಸಿದ. 2002ರಲ್ಲಿ ಐಆರ್‌ಎಫ್6 ಎಂಬ ವಂಶವಾಹಿಯ ದೋಷದಿಂದ ಒಂದು ಬಗೆಯ ಸೀಳುತುಟಿ ಬರುತ್ತದೆಂದು ಗೊತ್ತಾಯಿತು. ಅಂಥವರ ಕೆಳದುಟಿಯಲ್ಲಿ ಪುಟ್ಟ ಗುಳಿಗಳಿರುತ್ತವೆ. ಆಮೇಲೆ ಇನ್ನೂ ಹಲವು ವಂಶವಾಹಿಗಳು ಪಟ್ಟಿ ಸೇರಿವೆ. ತಾಯಿಯ ಧೂಮಪಾನ, ಹತೋಟಿ ತಪ್ಪಿದ ಮಧುಮೇಹ, ಅಪಸ್ಮಾರಕ್ಕೆ ಕೊಡುವ ಕೆಲವು ಮಾತ್ರೆಗಳು ಸಾಧ್ಯತೆಯನ್ನು ಏರಿಸುತ್ತವೆ. ರಕ್ತಸಂಬಂಧದ ಮದುವೆಗಳಲ್ಲಿ ಕೊಂಚ ಹೆಚ್ಚೆಂದು ಹಲವು ಅಧ್ಯಯನಗಳು ಹೇಳುತ್ತವೆ. ಆದರೆ ಬಹುಪಾಲು ಮಕ್ಕಳ ವಿಷಯದಲ್ಲಿ ಬೆರಳು ಮಾಡಿ ತೋರಿಸುವಂಥ ಒಂದು ಕಾರಣ ಇರುವುದಿಲ್ಲ. ತಾಯಿಯ ತಪ್ಪಂತೂ ಅಲ್ಲವೇ ಅಲ್ಲ. "ಮುಂದಿನ ಮಗುವಿಗೂ ಹೀಗೆಯೇ ಆಗುತ್ತದಾ?" ಎಂದು ಕೇಳುವವರಿಗೆ ಉತ್ತರ: ಮೊದಲ ಮಗುವಿಗೆ ಇದ್ದರೆ ಎರಡನೆಯದಕ್ಕೆ ಬರುವ ಸಾಧ್ಯತೆ ಸಾಮಾನ್ಯವಾಗಿ ಶೇಕಡಾ 3ರಿಂದ 5. ಅಂದರೆ ನೂರರಲ್ಲಿ 95ರಷ್ಟು ಸಲ ಬರುವುದಿಲ್ಲ.

ಕಾರಣ ತಿಳಿದ ಮಾತ್ರಕ್ಕೆ ಕಣ್ಣು ಒಗ್ಗುವುದಿಲ್ಲ. ಎಂಬ್ರಿಯಾಲಜಿ ಓದಿದ ಡಾಕ್ಟರಿಗೂ ಸ್ವಂತ ಮಗುವಿನ ಮುಖ ಕಂಡಾಗ ಎದೆ ಧಸಕ್ಕೆನ್ನಬಹುದು. ಈ ಧಸಕ್ಕೆನ್ನುವುದು ಎಲ್ಲಿಂದ ಬರುತ್ತದೆ?

ದುಂಡು ಹಣೆ, ದೊಡ್ಡ ಕಣ್ಣು, ಪುಟ್ಟ ಮೂಗುಬಾಯಿಗಳು ನಮ್ಮೊಳಗೆ ತಾನಾಗಿ ಅಕ್ಕರೆ ಎಬ್ಬಿಸುತ್ತವೆ ಎಂದು ಪ್ರಾಣಿವರ್ತನೆಯ ವಿಜ್ಞಾನಿ ಕೊನ್ರಾಡ್ ಲೊರೆಂಜ್ 1943ರಲ್ಲಿ ಬರೆದ. ಆಕ್ಸ್‌ಫರ್ಡಿನ ಮಾರ್ಟೆನ್ ಕ್ರಿಂಗಲ್‌ಬಾಕ್ ಮತ್ತು ಸಂಗಡಿಗರು 2008ರಲ್ಲಿ ಅದನ್ನು ಮಿದುಳಿನಲ್ಲಿ ಹುಡುಕಿದರು. ಮಿದುಳಿನ ಸೂಕ್ಷ್ಮ ಕಾಂತಕ್ಷೇತ್ರವನ್ನು ಅಳೆಯುವ ಯಂತ್ರದಡಿ ಜನರನ್ನು ಕೂರಿಸಿ, ಅಪರಿಚಿತ ಹಸುಗೂಸುಗಳ ಮತ್ತು ದೊಡ್ಡವರ ಮುಖಗಳನ್ನು ತೋರಿಸಿದರು. ಹಸುಗೂಸಿನ ಮುಖ ಕಂಡ ಸುಮಾರು 130 ಮಿಲಿಸೆಕೆಂಡುಗಳಲ್ಲಿ ಕಣ್ಣುಗುಡ್ಡೆಗಳ ಮೇಲಿರುವ ಮಿದುಳಿನ ಭಾಗ ಚುರುಕಾಯಿತು. ದೊಡ್ಡವರ ಮುಖಕ್ಕೆ ಆಗಲಿಲ್ಲ. ರೆಪ್ಪೆ ಬಡಿಯುವುದಕ್ಕೆ ಬೇಕಾದ ಹೊತ್ತೂ ಇದಲ್ಲ. 2013ರಲ್ಲಿ ಕ್ರಿಸ್ಟೀನ್ ಪಾರ್ಸನ್ಸ್ ಮತ್ತು ಅದೇ ತಂಡ ಸೀಳುತುಟಿಯ ಕೂಸುಗಳ ಚಿತ್ರ ತೋರಿಸಿದಾಗ ಆ ಚುರುಕು ಕಡಿಮೆಯಾಗಿತ್ತು. ಯೋಚನೆ ಹುಟ್ಟುವ ಮುಂಚೆಯೇ, ನೋಡುವವನ ಅನುಮತಿ ಕೇಳದೆಯೇ ಕಡಿಮೆಯಾಗಿತ್ತು.

ಅದನ್ನು ಓದಿ ನನಗೆ ಬೇಸರಕ್ಕಿಂತ ಸಮಾಧಾನವೇ ಆಯಿತು. "ಹೆತ್ತ ಮಗುವನ್ನು ನೋಡಿ ನನಗೆ ಪ್ರೀತಿ ಉಕ್ಕಲಿಲ್ಲ, ನಾನೆಂಥ ತಾಯಿ" ಎಂದು ಒಳಗೊಳಗೇ ಕುದಿಯುವ ಹೆಣ್ಣಿಗೆ, "ನೋಡೋಕಾಗಲಿಲ್ಲ, ಹೊರಗೆ ಬಂದುಬಿಟ್ಟೆ" ಎನ್ನುವ ಗಂಡಸಿಗೆ, ಅದು ಗುಣದ ದೋಷವಲ್ಲ, ಸೆಕೆಂಡಿನ ಎಂಟನೆಯ ಒಂದು ಭಾಗದಲ್ಲಿ ನಡೆದುಹೋಗುವ ಮಿದುಳಿನ ಕೆಲಸ ಎಂದು ಹೇಳಬಹುದು. ಇನ್ನೊಂದನ್ನೂ ನೆನಪಿಡಬೇಕು. ಆ ಪ್ರಯೋಗದಲ್ಲಿದ್ದವರು ಪರದೆಯ ಮೇಲೆ ಅಪರಿಚಿತ ಮಕ್ಕಳ ಚಿತ್ರವನ್ನು ಕ್ಷಣಕಾಲ ಕಂಡವರು. ದಿನಕ್ಕೆ ಹತ್ತು ಸಲ ಹಾಲು ಕುಡಿಸಿ, ತೇಗು ಬರಿಸಿ, ರಾತ್ರಿ ಹೆಗಲ ಮೇಲೆ ಹಾಕಿಕೊಂಡು ಓಡಾಡಿದವರಲ್ಲ.

ಓಡಾಡಿದವರ ಕಣ್ಣಿಗೆ ಆಗುವುದೇ ಬೇರೆ. ಮೈಕೇಲ್ ವೆಬ್‌ಸ್ಟರ್ ಮತ್ತು ಆಟೊ ಮ್ಯಾಕ್‌ಲಿನ್ 1999ರಲ್ಲಿ ಮಾಡಿದ ಪ್ರಯೋಗ ಸರಳವಾದದ್ದು. ಹಿಗ್ಗಿಸಿದ ಅಥವಾ ಕುಗ್ಗಿಸಿದ ಮುಖದ ಚಿತ್ರವೊಂದನ್ನು ಕೆಲವು ನಿಮಿಷ ನೋಡುತ್ತಿರಬೇಕು. ಆಮೇಲೆ ಸಹಜ ಮುಖ ತೋರಿಸಿದರೆ ಅದೇ ಸೊಟ್ಟಗೆ, ಎದುರು ದಿಕ್ಕಿನಲ್ಲಿ ಎಳೆದಂತೆ ಕಾಣುತ್ತದೆ. ಆಸ್ಟ್ರೇಲಿಯಾದ ಗಿಲಿಯನ್ ರೋಡ್ಸ್ 2003ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದಳು. ವಿಕಾರಗೊಳಿಸಿದ ಮುಖಗಳನ್ನು ಸ್ವಲ್ಪ ಹೊತ್ತು ನೋಡಿದವರಿಗೆ ಆ ಬಗೆಯ ಮುಖಗಳು ಹೆಚ್ಚು ಸಹಜವಾಗಿ ಮಾತ್ರವಲ್ಲ, ಹೆಚ್ಚು ಚೆಲುವಾಗಿಯೂ ಕಂಡವು. ಮುಖ ಹೀಗಿರಬೇಕು ಎಂಬ ಮಾದರಿ ನಮ್ಮ ತಲೆಯಲ್ಲಿ ಕಲ್ಲಿನಲ್ಲಿ ಕೆತ್ತಿದ್ದಲ್ಲ, ಕಂಡ ಮುಖಗಳಿಂದ ದಿನವೂ ತಿದ್ದಿಕೊಳ್ಳುವಂಥದು. ಕೆಲವು ನಿಮಿಷಕ್ಕೇ ಇಷ್ಟು ಸರಿಯುವ ಮಾದರಿ ಮೂರು ತಿಂಗಳ ಬಾಣಂತನದಲ್ಲಿ ಎಷ್ಟು ಸರಿಯಬೇಡ! ಕಾಡಿಗೆಯ ದೃಷ್ಟಿಬೊಟ್ಟಿನ ಕೆನ್ನೆಯನ್ನೇ ಅಂದವೆಂದು ಒಪ್ಪಿದ ಕಣ್ಣಲ್ಲವೇ ನಮ್ಮದು?

ಮಗುವನ್ನು ಒಪ್ಪಿಕೊಳ್ಳುವುದೆಂದರೆ ತ್ಯಾಗ, ಸಹನೆ, ದೊಡ್ಡ ಮನಸ್ಸು ಎಂದೆಲ್ಲ ಉಪದೇಶ ಮಾಡುವವರು ಬಹಳ. ನನ್ನ ಮಟ್ಟಿಗೆ ಅದು ಅದಕ್ಕಿಂತ ಸಣ್ಣ, ಅದಕ್ಕಿಂತ ನಂಬಬಹುದಾದ ಸಂಗತಿ. ನೋಡುತ್ತ ನೋಡುತ್ತ ಕಣ್ಣು ಕಲಿಯುತ್ತದೆ. ನೋಡದಿದ್ದರೆ ಕಲಿಯುವುದಿಲ್ಲ. ಬಟ್ಟೆಯ ಅಂಚಿನ ಬಗ್ಗೆ ಇಷ್ಟು ಹಟ ಹಿಡಿದಿರುವುದು ಅದಕ್ಕೇ.

ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಲಿನ್ ಮರ್ರೆ ತಂಡ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಇನ್ನೊಂದು ಕಡೆಯಿಂದ ಹೇಳುತ್ತದೆ. ಹುಟ್ಟಿದ ಕೂಡಲೇ ತುಟಿ ಹೊಲಿಸಿಕೊಂಡ ಮಕ್ಕಳನ್ನೂ, ಮೂರು ನಾಲ್ಕು ತಿಂಗಳಿಗೆ ಹೊಲಿಸಿಕೊಂಡವರನ್ನೂ ಹೋಲಿಸಿದರು. ತಡವಾದವರ ಗುಂಪಿನಲ್ಲಿ ಮೊದಲ ತಿಂಗಳುಗಳ ತಾಯಿಮಗುವಿನ ಆಟಮಾತುಗಳಲ್ಲಿ ತೊಡಕುಗಳಿದ್ದವು, ಒಂದೂವರೆ ವರ್ಷದಲ್ಲಿ ಬುದ್ಧಿ ಬೆಳವಣಿಗೆಯ ಅಂಕವೂ ಕೆಳಗಿತ್ತು. ಬಿಡಿಸಿ ನೋಡಿದರೆ ಈ ಅಂತರಕ್ಕೆ ಸಂಬಂಧವಿದ್ದದ್ದು ತಾಯಿ ಮಗುವಿನತ್ತ ಎಷ್ಟು ನೋಡುತ್ತಿದ್ದಳು ಎಂಬುದರೊಂದಿಗೆ. ಹಾಗೆಂದು ಎಳೆಗೂಸನ್ನು ಎರಡನೆಯ ದಿನವೇ ಆಪರೇಷನ್ ಟೇಬಲ್ಲಿಗೆ ಹಾಕಬೇಕೆಂದಲ್ಲ. ಅರಿವಳಿಕೆಯ ಅಪಾಯ ಕಡಿಮೆಯಾಗಲು ಸಾಮಾನ್ಯವಾಗಿ ಮೂರು ತಿಂಗಳಾದರೂ ಕಾಯುತ್ತಾರೆ. ಆ ಮೂರು ತಿಂಗಳು ಅಮ್ಮನೂ ಅಪ್ಪನೂ ಮಗುವಿನ ಮುಖಕ್ಕೆ ಮುಖ ಕೊಟ್ಟು ಮಾತಾಡಿಸಬೇಕು ಎಂದಷ್ಟೇ ಇದರ ಅರ್ಥ. ಅಮೆರಿಕದ ಸಿಯಾಟಲ್‌ನಲ್ಲಿ ಮ್ಯಾಥ್ಯೂ ಸ್ಪೆಲ್ಟ್ಸ್ ತಂಡ ಒಂದು ವರ್ಷದ ಮಕ್ಕಳನ್ನು ಪರೀಕ್ಷಿಸಿ 1997ರಲ್ಲಿ ವರದಿ ಮಾಡಿದಾಗ, ಸೀಳುತುಟಿಯ ಮಕ್ಕಳಿಗೆ ತಾಯಿಯೊಂದಿಗಿದ್ದ ನಂಟಿನ ಭದ್ರತೆ ಬೇರೆ ಮಕ್ಕಳಿಗಿಂತ ಕಡಿಮೆಯೇನೂ ಇರಲಿಲ್ಲ. ಮೊದಲ ದಿನಗಳ ತಡವರಿಕೆ ಕಾಯಂ ಅಲ್ಲ.

ಕಣ್ಣಿಗಿಂತ ಮುಂಚೆ ಕೈ ಕಲಿಯುವುದೂ ಉಂಟು, ಏಕೆಂದರೆ ಮಗುವಿಗೆ ಹಸಿವು ಕಾಯುವುದಿಲ್ಲ. ತುಟಿ ಮಾತ್ರ ಸೀಳಿದ ಮಗು ಸಾಮಾನ್ಯವಾಗಿ ಮೊಲೆ ಕುಡಿಯುತ್ತದೆ. ಸೀಳಿನ ಜಾಗಕ್ಕೆ ಮೊಲೆಯೇ ಒತ್ತಿ ಕೂರುತ್ತದೆ. ಅಂಗಳ ಸೀಳಿದ್ದರೆ ಬಾಯಿಗೂ ಮೂಗಿಗೂ ನಡುವೆ ಗೋಡೆಯಿಲ್ಲದೆ ಹೀರುವ ಎಳೆತ ಹುಟ್ಟುವುದಿಲ್ಲ. ಮಗು ಚೀಪುತ್ತಲೇ ಇರುತ್ತದೆ, ಹೊಟ್ಟೆಗೆ ಏನೂ ಹೋಗುವುದಿಲ್ಲ, ಹೋದದ್ದು ಮೂಗಿನಲ್ಲಿ ಬರುತ್ತದೆ. ಇಂಥಲ್ಲಿ ನಮ್ಮ ಅಜ್ಜಿಯರ ಒಳಲೆ ದುಬಾರಿ ಬಾಟಲಿಗಿಂತ ಮೇಲು. ಹಿಂಡಿದ ಎದೆಹಾಲನ್ನು ಒಳಲೆಗೆ ಹಾಕಿ, ಮಗುವನ್ನು ಮಲಗಿಸದೆ ಅರೆಕೂತ ಭಂಗಿಯಲ್ಲಿ ಎತ್ತಿ ಹಿಡಿದು, ಕೆನ್ನೆಯ ಒಳಬದಿಗೆ ಸ್ವಲ್ಪಸ್ವಲ್ಪವೇ ಇಳಿಸಬೇಕು. ಗಾಳಿ ಹೆಚ್ಚು ನುಂಗುವುದರಿಂದ ನಡುನಡುವೆ ತೇಗು ಬರಿಸಬೇಕು. ತೊಳೆದು ಕುದಿಸಿದ ಒಳಲೆಯಾದರೆ ಸಾಕು. ಇದನ್ನು ಬಾಣಂತಿಯೊಬ್ಬಳೇ ಕಲಿಯಬೇಕಿಲ್ಲ. ಅಪ್ಪ ಕಲಿತರೆ ಇನ್ನೂ ಒಳ್ಳೆಯದು. ಗಂಡಸರು ಆಸ್ಪತ್ರೆಯ ಬಿಲ್ಲು, ಬಸ್ಸು, ಕಾಗದಪತ್ರಗಳಲ್ಲಿ ಮುಳುಗಿ ಮಗುವಿನ ಮುಖದಿಂದ ತಪ್ಪಿಸಿಕೊಳ್ಳುವುದು ಹೆಚ್ಚು. ಹಾಲು ಕುಡಿಸುವವನಿಗೆ ಆ ದಾರಿ ಇರುವುದಿಲ್ಲ.

ಶಸ್ತ್ರಚಿಕಿತ್ಸೆಗೆ ಹಳೆಯ ಇತಿಹಾಸವಿದೆ. ಕ್ರಿ.ಶ. 390ರ ಸುಮಾರಿಗೆ ಚೀನಾದಲ್ಲಿ ವೇ ಯುಂಗ್‌ಚಿ ಎಂಬ ಬಡ ತರುಣ ಸೀಳುತುಟಿ ಹೊಲಿಸಿಕೊಂಡ. ನೂರು ದಿನ ಗಂಜಿ ಕುಡಿಯಬೇಕು, ನಗಬಾರದು, ಮಾತಾಡಬಾರದು ಎಂದು ವೈದ್ಯ ಹೇಳಿದಾಗ, ಅರ್ಧ ಆಯುಷ್ಯ ಮಾತಾಡದಿದ್ದರೂ ಸರಿ ಎಂದನಂತೆ. ಮುಂದೆ ಅವನು ಪ್ರಾಂತಾಧಿಪತಿಯಾದ. ಈಗಿನ ಕ್ರಮಕ್ಕೆ ಮುಖ್ಯವಾಗಿ ಹೆಸರಾದವನು ಅಮೆರಿಕದ ರಾಲ್ಫ್ ಮಿಲ್ಲಾರ್ಡ್. 1950ರ ದಶಕದಲ್ಲಿ ಕೊರಿಯಾದಲ್ಲಿ ಸೇನಾ ವೈದ್ಯನಾಗಿದ್ದಾಗ ಅವನಿಗೆ ಹೊಳೆದದ್ದು ಇಷ್ಟು: ಸೀಳಿದ ತುಟಿಯಲ್ಲಿ ಕಾಣೆಯಾದದ್ದು ಬಹಳ ಕಡಿಮೆ, ಬಹುಪಾಲು ಎಲ್ಲವೂ ಅಲ್ಲೇ ಇದೆ, ಜಾಗ ತಪ್ಪಿ ಮೇಲಕ್ಕೆ ತಿರುಚಿಕೊಂಡಿದೆ. ಒಂದು ಬದಿಯನ್ನು ಕೆಳಕ್ಕೆ ತಿರುಗಿಸಿ, ಇನ್ನೊಂದು ಬದಿಯನ್ನು ಮುಂದಕ್ಕೆ ತಂದರೆ ಕಲೆಯ ಗೆರೆ ತುಟಿಯ ಸಹಜ ಚಡಿಯ ಅಂಚಿನಲ್ಲೇ ಕೂರುತ್ತದೆ. 1955ರಲ್ಲಿ ಸ್ಟಾಕ್‌ಹೋಮಿನಲ್ಲಿ ಅವನು ಮಂಡಿಸಿದ ಈ ವಿಧಾನ ನಾನಾ ತಿದ್ದುಪಡಿಗಳೊಂದಿಗೆ ಇಂದಿಗೂ ನಡೆಯುತ್ತಿದೆ. ಹತ್ತು ವಾರ ವಯಸ್ಸು, ಹತ್ತು ಪೌಂಡ್ ಅಂದರೆ ನಾಲ್ಕೂವರೆ ಕಿಲೋ ತೂಕ, ಹತ್ತು ಗ್ರಾಂ ಹಿಮೋಗ್ಲೋಬಿನ್ ಎಂಬುದು ತುಟಿಯ ಶಸ್ತ್ರಚಿಕಿತ್ಸೆಗೆ ಹಳೆಯ ಅಳತೆ. ಅಂಗಳದ್ದು ಒಂಬತ್ತರಿಂದ ಹದಿನೆಂಟು ತಿಂಗಳ ನಡುವೆ.

ಇಲ್ಲೊಂದು ವಿಚಿತ್ರ ನಡೆಯುತ್ತದೆ. ಬೇಗ ಹೊಲಿಸಿಬಿಡಿ, ಹೊಲಿಸಿಬಿಡಿ ಎಂದು ದಿನ ಎಣಿಸುತ್ತಿದ್ದ ಅಪ್ಪ ಅಮ್ಮಂದಿರಲ್ಲೇ ಎಷ್ಟೋ ಜನ, ಆಪರೇಷನ್ ಮುಗಿದು ಮಗುವನ್ನು ಕೈಗೆ ಕೊಟ್ಟಾಗ ಗಕ್ಕನೆ ನಿಲ್ಲುತ್ತಾರೆ. ಇದು ನಮ್ಮ ಮಗುವೇ? ಮುಖದ ತುಂಬ ಅಗಲವಾಗಿ ಅರಳುತ್ತಿದ್ದ ಆ ನಗು ಎಲ್ಲಿ? ಕೆಲವರು ಅಳುವುದೂ ಉಂಟು. ಶಸ್ತ್ರವೈದ್ಯರಿಗೆ ಇದು ಹೊಸದಲ್ಲ. ತಿಳಿದವರು ಮೊದಲೇ ಎಚ್ಚರಿಸಿ, ಹಳೆಯ ನಗುವಿನ ಫೋಟೋ ತೆಗೆದಿಟ್ಟುಕೊಳ್ಳಿ ಎನ್ನುತ್ತಾರೆ. ಕಣ್ಣು ತನ್ನ ಪಾಠ ಮುಗಿಸಿತ್ತು ಎನ್ನುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೆ? ಇನ್ನು ಆ ಹೊಸ ಮುಖವನ್ನೂ ಕಲಿಯಬೇಕು, ಅದು ಬೇಗ ಆಗುತ್ತದೆ.

ಅಲ್ಲಿಗೆ ಮುಗಿಯಿತೆಂದು ಹೇಳಿದರೆ ಸುಳ್ಳಾದೀತು. ಮನಶ್ಶಾಸ್ತ್ರಜ್ಞ ಡೆನ್ನಿಸ್ ಡ್ರೊಟಾರ್ ಮತ್ತು ಸಂಗಡಿಗರು 1975ರಲ್ಲಿ ಹುಟ್ಟಿನಿಂದಲೇ ಊನವಿರುವ ಮಕ್ಕಳ ತಂದೆತಾಯಿಯರ ಮನಸ್ಸಿಗೆ ಐದು ಮೆಟ್ಟಿಲು ಕಟ್ಟಿದರು: ಆಘಾತ, ನಿರಾಕರಣೆ, ದುಃಖ ಮತ್ತು ಸಿಟ್ಟು, ಹೊಂದಾಣಿಕೆ, ಮರುಸಂಘಟನೆ. ಪಠ್ಯಪುಸ್ತಕಗಳಿಗೆ ಈ ಮೆಟ್ಟಿಲುಗಳೆಂದರೆ ಇಷ್ಟ. ಮನುಷ್ಯರು ಅಷ್ಟು ಶಿಸ್ತಿನಿಂದ ಹತ್ತುವುದಿಲ್ಲ. ಅವರಿಗಿಂತ ಮುಂಚೆ, 1962ರಲ್ಲೇ, ಬುದ್ಧಿಮಾಂದ್ಯ ಮಕ್ಕಳ ಹೆತ್ತವರ ನಡುವೆ ಕೆಲಸ ಮಾಡುತ್ತಿದ್ದ ಸೈಮನ್ ಒಲ್ಶಾನ್‌ಸ್ಕಿ, ಈ ದುಃಖ ಮುಗಿಯುವಂಥದಲ್ಲ, ಅದು ರೋಗವೂ ಅಲ್ಲ, ಮಗುವಿನ ಮೇಲಿನ ಪ್ರೀತಿಯ ಜೊತೆಯಲ್ಲೇ ಇರುತ್ತದೆ ಎಂದು ಬರೆದಿದ್ದ. ನನಗೆ ಒಲ್ಶಾನ್‌ಸ್ಕಿಯೇ ಹೆಚ್ಚು ಸರಿ ಅನ್ನಿಸುತ್ತಾನೆ. ಆ ದುಃಖ ಬದುಕಿನ ತಿರುವುಗಳಲ್ಲಿ ಎದ್ದು ಬರುತ್ತದೆ. ಅಂಗಳದ ಸ್ನಾಯುಗಳೇ ಕಿವಿಯ ಒಳನಾಳವನ್ನು ತೆರೆಯಬೇಕಾದ್ದರಿಂದ ಈ ಮಕ್ಕಳ ನಡುಗಿವಿಯಲ್ಲಿ ನೀರು ನಿಂತು ಕೇಳಿಸುವುದು ಕಡಿಮೆಯಾಗಬಹುದು, ಅದನ್ನು ತಪಾಸಣೆ ಮಾಡಿಸಬೇಕು. ಪ, ಬ, ತ, ದ, ಕ ಉಚ್ಚರಿಸಲು ಬಾಯಲ್ಲಿ ಗಾಳಿ ತಡೆದು ಬಿಡಬೇಕು. ಅಂಗಳ ಸರಿಯಾಗಿ ಮುಚ್ಚದಿದ್ದರೆ ಗಾಳಿ ಮೂಗಿಗೆ ಸೋರಿ ಮಾತು ಮೂಗಿನಿಂದ ಬಂದಂತೆ ಕೇಳುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಮಕ್ಕಳಿಗೆಂದೇ ವಿಭಾಗವಿದೆ. ಕೋರೆಹಲ್ಲು ಮೂಡುವ ಮುಂಚೆ, ಎಂಟರಿಂದ ಹನ್ನೊಂದರ ವಯಸ್ಸಿನಲ್ಲಿ, ಒಸಡಿನ ಸೀಳಿಗೆ ಮೂಳೆ ತುಂಬಿಸಬೇಕಾಗಬಹುದು. ಶಾಲೆಯ ಮೊದಲ ದಿನ, ಹದಿಹರೆಯದ ಕನ್ನಡಿ, ಹೆಣ್ಣು ನೋಡಲು ಬರುವವರು. ಪ್ರತಿ ಸಲವೂ ಹಳೆಯ ದುಗುಡ ತಲೆ ಎತ್ತುತ್ತದೆ. ಹಾಗೆ ಎತ್ತಿದರೆ ತಾವಿನ್ನೂ ಮಗುವನ್ನು ಒಪ್ಪಿಕೊಂಡಿಲ್ಲವೆಂದು ಹೆತ್ತವರು ಹಳಹಳಿಸಬೇಕಿಲ್ಲ.

ಮತ್ತೆ ಗ್ರಹಣದ ಮಾತಿಗೆ ಬರುತ್ತೇನೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿಯ ಬಳಿಯ ತಾಜ್‌ಸುಲ್ತಾನ್‌ಪುರದಲ್ಲಿ ಅಂಗವೈಕಲ್ಯ ವಾಸಿಯಾದೀತೆಂದು ಮಕ್ಕಳನ್ನು ಕುತ್ತಿಗೆಯವರೆಗೆ ಗುಂಡಿಯಲ್ಲಿ ಹೂಳಿದ ಚಿತ್ರಗಳು ಪತ್ರಿಕೆ, ಟಿವಿಗಳಲ್ಲಿ ಬಂದವು. ನಾಡೆಲ್ಲ ಛೀಮಾರಿ ಹಾಕಿತು. ಹೂಳಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೂಳಿದವರು ಮಕ್ಕಳನ್ನು ದ್ವೇಷಿಸುವವರಲ್ಲ. ಕೈಲಾದದ್ದೆಲ್ಲ ಮಾಡಿ ನೋಡುವ ತಂದೆತಾಯಿ. ಅವರ ಬಳಿಗೆ ಗ್ರಹಣ ತಪ್ಪದೆ ಹೋಗಿತ್ತು, ಫಿಸಿಯೋಥೆರಪಿ ಹೋಗಿರಲಿಕ್ಕಿಲ್ಲ. ಹಂಗಿಸುವುದರಿಂದ ಅಂಥ ತಾಯಿ ಇನ್ನಷ್ಟು ಸೆರಗು ಎಳೆದುಕೊಳ್ಳುತ್ತಾಳೆಯೇ ಹೊರತು ಮಗುವಿನ ಮುಖ ತೆರೆಯುವುದಿಲ್ಲ.

ನಿಮ್ಮ ಬೀದಿಯಲ್ಲಿ, ನೆಂಟರಲ್ಲಿ ಇಂಥ ಮಗು ಹುಟ್ಟಿದರೆ ನೋಡಲು ಹೋಗಿ. ಹೆಸರೇನಿಟ್ಟಿರಿ ಎಂದು ಕೇಳಿ, ಎತ್ತಿಕೊಳ್ಳಿ, ಮುಖ ನೋಡಿ ಮಾತಾಡಿಸಿ. ಗ್ರಹಣದ ಸುದ್ದಿ ಎತ್ತಬೇಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸೀಳುತುಟಿ, ಸೀಳಂಗಳದ ಚಿಕಿತ್ಸೆ ಉಚಿತವೆಂದು ಆ ಮನೆಯವರಿಗೆ ತಿಳಿಸಿ. ಊರಿನ ಆಶಾ ಕಾರ್ಯಕರ್ತೆಯ ಫೋನ್ ನಂಬರು ಅವರ ಬಳಿ ಇಲ್ಲದಿದ್ದರೆ ಹುಡುಕಿ ಕೊಟ್ಟು ಬನ್ನಿ.